ಗಂಟೆಗೆ ಎರಡು ರೂಪಾಯಿ

ದೇವಸ್ಥಾನದ ಕೊಪ್ಪರಿಗೆ, ಸರ್ಕಾರಿ ಶಾಲೆಯ ಬಿಸಿಯೂಟದ ತಟ್ಟೆ, ಡೇರಿಯ ಹಾಲಿನ ಕ್ಯಾನು, ಯಾರದೋ ಮದುವೆಗೆಂದು ಹಾಕಿ ಇನ್ನೂ ಬಿಚ್ಚದ ಶಾಮಿಯಾನ. ನಾನು ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ (ಎನ್ನೆಸ್ಸೆಸ್) ಘಟಕ ನೋಡಿಕೊಳ್ಳುತ್ತಿದ್ದ ವರ್ಷಗಳಲ್ಲಿ ಹಳ್ಳಿಯ ಶಿಬಿರ ಶುರುವಾಗುತ್ತಿದ್ದುದೇ ಹೀಗೆ, ಕೈಗಡ ಕೇಳುವುದರಿಂದ. ಸೇವೆ ಮಾಡಲು ಬಂದವರು ಯಾರು, ಮಾಡಿಸಿಕೊಳ್ಳುವವರು ಯಾರು ಎಂದು ಮೊದಲ ದಿನ ಹೇಳುವುದೇ ಕಷ್ಟವಾಗುತ್ತಿತ್ತು.

ಕೇಳದೆ ಗತಿ ಇರಲಿಲ್ಲ. ಆಗ ಒಬ್ಬ ಸ್ವಯಂಸೇವಕನ ಲೆಕ್ಕಕ್ಕೆ ವರ್ಷಕ್ಕೆ ಬರುತ್ತಿದ್ದುದು 250 ರೂಪಾಯಿ. ಅವನು ವರ್ಷದಲ್ಲಿ ದುಡಿಯಬೇಕಾದದ್ದು 120 ಗಂಟೆ. ಭಾಗಿಸಿ ನೋಡಿ: ಗಂಟೆಗೆ ಎರಡು ರೂಪಾಯಿ ಎಂಟು ಪೈಸೆ. ಅದೂ ಹುಡುಗನ ಕೈಗಲ್ಲ. ಗುದ್ದಲಿ, ಬ್ಯಾನರು, ಡೈರಿ, ಬಸ್ಸಿನ ಖರ್ಚು ಎಲ್ಲ ಅದರಲ್ಲೇ. ಏಳು ದಿನದ ವಿಶೇಷ ಶಿಬಿರಕ್ಕೆ ತಲೆಗೆ 450 ಬೇರೆ. ಅಂದರೆ ದಿನಕ್ಕೆ 64 ರೂಪಾಯಿ ಚಿಲ್ಲರೆಯಲ್ಲಿ ಮೂರು ಹೊತ್ತಿನ ಊಟ, ಎರಡು ಟೀ, ಮೈಕ್‌ಸೆಟ್ಟು, ಸಮಾರೋಪದ ಹಾರ.

ಈ ಚಿಲ್ಲರೆಯನ್ನು ದೇಶದ ಅಳತೆಗೆ ಹಿಗ್ಗಿಸಿದರೆ ತಲೆ ತಿರುಗುತ್ತದೆ. 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯ ಶತಮಾನೋತ್ಸವದ ವರ್ಷದಲ್ಲಿ, ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು 37 ವಿಶ್ವವಿದ್ಯಾಲಯಗಳಲ್ಲಿ, 40,000 ವಿದ್ಯಾರ್ಥಿಗಳೊಂದಿಗೆ. ಈಗ ಸ್ವಯಂಸೇವಕರು ಸುಮಾರು 40 ಲಕ್ಷ. ದೇಶದ ಜನಸಂಖ್ಯೆ ಅಷ್ಟರಲ್ಲಿ ಮೂರು ಪಟ್ಟೂ ಆಗಿಲ್ಲ; ಸ್ವಯಂಸೇವಕರ ಸಂಖ್ಯೆ ನೂರು ಪಟ್ಟಾಗಿದೆ. ತಲಾ 120 ಗಂಟೆಯೆಂದರೆ ವರ್ಷಕ್ಕೆ 48 ಕೋಟಿ ಗಂಟೆ. ಒಬ್ಬನೇ ಮನುಷ್ಯ ಎಂಟು ಜಾವವೂ ಕಣ್ಣು ಮುಚ್ಚದೆ ದುಡಿದರೆ ಇದನ್ನು ಮುಗಿಸಲು ಹತ್ತಿರ ಹತ್ತಿರ 55,000 ವರ್ಷ ಬೇಕು. ಅವನು ಶುರು ಮಾಡುವಾಗ ಭೂಮಿಯ ಮೇಲೆ ಬೇಸಾಯವೇ ಹುಟ್ಟಿರಲಿಲ್ಲ. ಹಾಜರಿ ಪುಸ್ತಕದ ಗಂಟೆಗಳೆಲ್ಲ ನಿಜವಾದ ಗಂಟೆಗಳಲ್ಲ ಎಂದು ನನಗೂ ಗೊತ್ತು, ಸಹಿ ಹಾಕಿದವನೇ ನಾನು. ಅರ್ಧ ಸುಳ್ಳೆಂದು ಹೊಡೆದು ಹಾಕಿ. ಉಳಿದದ್ದೇ 27,000 ವರ್ಷಕ್ಕೆ ಮಿಕ್ಕುತ್ತದೆ.

ಊಟದ ಲೆಕ್ಕ ನನಗೆ ಇನ್ನೂ ಇಷ್ಟ. ನೂರು ಜನರ ಘಟಕದಲ್ಲಿ ಪ್ರತಿ ವರ್ಷ ಅರ್ಧದಷ್ಟು ಮಂದಿ ಶಿಬಿರಕ್ಕೆ ಹೋಗಬೇಕೆಂದು ನಿಯಮ. ಇಪ್ಪತ್ತು ಲಕ್ಷ ಬಾಯಿ, ಏಳು ದಿನ, ದಿನಕ್ಕೆ ಮೂರು ಹೊತ್ತು: ನಾಲ್ಕು ಕೋಟಿಗೂ ಮಿಕ್ಕಿದ ಊಟ. ಇದಕ್ಕೆಂದು ಸರ್ಕಾರ ಎಲ್ಲೂ ಒಂದು ಅಡುಗೆಮನೆ ಕಟ್ಟಿದ್ದನ್ನು ನಾನು ಕಂಡಿಲ್ಲ. ನಾನು ಕಂಡ ಶಿಬಿರಗಳಲ್ಲೆಲ್ಲ ಊಟ ಬೇಯುತ್ತಿದ್ದುದು ಎರವಲು ಪಾತ್ರೆಯಲ್ಲಿ.

1969ರಲ್ಲಿ ಯೋಜನೆಗೆ ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್. ಲೋಕಸಭೆಗೆ ಆರಿಸಿ ಹೋದದ್ದು ನಮ್ಮ ಬಳ್ಳಾರಿಯಿಂದ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು (ಐಸೆಕ್) 1972ರಲ್ಲಿ ಕಟ್ಟಿದವರೂ ಅವರೇ. ಅದಕ್ಕೂ ಬಹಳ ಮೊದಲು ಅವರಿಗೆ ಹೆಸರು ತಂದದ್ದು ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯದ ಲೆಕ್ಕ. 1931-32ರಲ್ಲಿ ಒಬ್ಬ ಭಾರತೀಯನ ವರ್ಷದ ಸರಾಸರಿ ಆದಾಯ 62 ರೂಪಾಯಿ ಎಂದು ಅವರು ಅಂದಾಜು ಮಾಡಿದ್ದರು. ನಮ್ಮ ಶಿಬಿರದ ಹುಡುಗನ ಒಂದು ದಿನದ ಖರ್ಚಿಗೆ ಎರಡೇ ರೂಪಾಯಿ ಕಡಿಮೆ! ಬೆಲೆಗಳು ಬದಲಾದ ಮೇಲೆ ಈ ಹೋಲಿಕೆಗೆ ಅರ್ಥವಿಲ್ಲ, ಬಿಡಿ. ಆದರೆ ಇನ್ನೊಂದು ಮಾತಿದೆ. ಕೂಲಿಯಿಲ್ಲದ ದುಡಿಮೆ ರಾಷ್ಟ್ರೀಯ ಆದಾಯದ ಪುಸ್ತಕಕ್ಕೆ ಬರುವುದಿಲ್ಲ. ದೇಶದ ಆದಾಯ ಎಣಿಸಿದ ಮನುಷ್ಯ ಶುರು ಮಾಡಿಕೊಟ್ಟ 48 ಕೋಟಿ ಗಂಟೆಗಳು ಅವರದೇ ಅರ್ಥಶಾಸ್ತ್ರದ ಎಣಿಕೆಗೆ ಸಿಗುವುದಿಲ್ಲ.

ದೇವಸ್ಥಾನದ ಆ ಕೊಪ್ಪರಿಗೆಯೂ ಸಿಗುವುದಿಲ್ಲ. ವಿಶ್ವವಿದ್ಯಾಲಯದ ಕಾಗದದಲ್ಲಿ ಈ ಕೈಗಡಕ್ಕೆಲ್ಲ 'ಸಹಯೋಗ' ಎಂಬ ಒಂದೇ ಪದ. ಆಹ್ವಾನ ಪತ್ರಿಕೆಯ ಕೆಳಗೆ ಗ್ರಾಮ ಪಂಚಾಯಿತಿ, ಹಾಲು ಉತ್ಪಾದಕರ ಸಂಘ, ಸ್ತ್ರೀಶಕ್ತಿ ಸಂಘ, ಪ್ರಾಥಮಿಕ ಆರೋಗ್ಯ ಕೇಂದ್ರ ಎಂದು ಸಣ್ಣಕ್ಷರದಲ್ಲಿ ಅಚ್ಚಾಗುತ್ತದೆ. ಸಸಿ ಸಾಮಾಜಿಕ ಅರಣ್ಯದವರದು, ಕಣ್ಣಿನ ಡಾಕ್ಟರು ತಾಲ್ಲೂಕು ಆಸ್ಪತ್ರೆಯವರು, ಅಕ್ಕಿ ರಾಗಿ ಮನೆಮನೆಯದು.

ಒಂದು ವರ್ಷ ಕೆರೆ ಏರಿಯ ಕೆಳಗೆ ಸಸಿ ನೆಡಲೆಂದು ಐವತ್ತು ಗುಂಡಿ ತೆಗೆಯಲು ಹೊರಟೆವು. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಕೇಳಲು ಪುಟ್ಟದು. ಎಂಟು ಘನ ಅಡಿ ಮಣ್ಣೆಂದರೆ ಮುನ್ನೂರು ಕಿಲೋ ದಾಟುತ್ತದೆ. ಐವತ್ತು ಗುಂಡಿಗೆ ಹದಿನೈದು ಟನ್ನು. ಬಿಕಾಂ ಓದುವ ಹುಡುಗರು ಹತ್ತು ಗಂಟೆಯ ಹೊತ್ತಿಗೆ ಅಂಗೈ ನೋಡಿಕೊಳ್ಳತೊಡಗಿದರು. ದನ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜಿಯೊಬ್ಬರು ನಿಂತು ನೋಡಿದರು. "ಏನ್ ಮಗಾ, ಸನಿಕೆ ಹಿಡ್ಕೊಳದು ಹಿಂಗಾ? ಸೊಂಟ ಬಿದ್ದೋಯ್ತದೆ, ತತ್ತಾ ಇಲ್ಲಿ" ಎಂದು ಕಿತ್ತುಕೊಂಡು ಎರಡು ನಿಮಿಷದಲ್ಲಿ ಒಂದು ಮೂಲೆ ತೆಗೆದು ತೋರಿಸಿದರು. ಆ ಎರಡು ನಿಮಿಷ ಯಾವ ಡೈರಿಯಲ್ಲೂ ಇಲ್ಲ. ಸಸಿಗಳನ್ನು ಮುಂದಿನ ಬೇಸಿಗೆಯೊಳಗೆ ಮೇಕೆಗಳು ತಿಂದವು. ಮುಳ್ಳುಬೇಲಿಗೆ ಯಾರನ್ನು ಕೇಳಬೇಕೆಂದು ನಮಗೆ ಹೊಳೆದೇ ಇರಲಿಲ್ಲ.

ನಮ್ಮ ಘಟಕ ನಡೆಸುತ್ತಿದ್ದ ರಕ್ತದಾನ ಶಿಬಿರದ ಸಂಖ್ಯೆ ಗುಂಡಿಯ ಲೆಕ್ಕಕ್ಕಿಂತ ನೇರ. ಒಬ್ಬರಿಂದ 350 ಮಿಲಿ ಎಂದರೆ ನೂರು ಜನರಿಂದ 35 ಲೀಟರ್, ಏಳು ಜನರ ಮೈಯಲ್ಲಿ ಹರಿಯುವಷ್ಟು. ಕೊಡಲು ಹಿಮೋಗ್ಲೋಬಿನ್ 12.5 ಇರಬೇಕು. ಸಾಲಿನಲ್ಲಿ ಹುರುಪಿನಿಂದ ನಿಂತ ಹುಡುಗಿಯರಲ್ಲಿ ಎಷ್ಟೋ ಮಂದಿ ಬೆರಳು ಚುಚ್ಚಿಸಿಕೊಂಡು ಕಬ್ಬಿಣಾಂಶದ ಮಾತ್ರೆ ಹಿಡಿದು ವಾಪಸಾಗುತ್ತಿದ್ದರು. ಬ್ಲಡ್ ಬ್ಯಾಂಕಿನವರು ನಮ್ಮಿಂದ ತೆಗೆದುಕೊಳ್ಳಲು ಬಂದವರು. ಆ ಮಾತ್ರೆ ಕೊಟ್ಟು ಹೋದವರೂ ಅವರೇ.

ಶಿಬಿರ ಮುಗಿದ ಮೇಲೆ ಖರ್ಚಿನ ತಖ್ತೆ ತುಂಬುವುದು ನನ್ನ ಕೆಲಸ. ಅಕ್ಕಿ, ಬೇಳೆ, ಎಣ್ಣೆ, ಸಾರಿಗೆ, ಇತರೆ. ಪಾತ್ರೆ ಬಾಡಿಗೆ ಎಂಬ ಸಾಲಿನ ಮುಂದೆ 'ಇಲ್ಲ' ಎಂದು ಬರೆಯುತ್ತಿದ್ದೆ. ಕಡೆಯ ಸಲ ಕೊಪ್ಪರಿಗೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಇಬ್ಬರು ಹುಡುಗರ ಕೈಲಿ ಹೊರಿಸಿಕೊಂಡು ದೇವಸ್ಥಾನಕ್ಕೆ ಹೋದೆ. ಪೂಜಾರಪ್ಪ ಒಳಗೆ ಕೈಯಾಡಿಸಿ ನೋಡಿ, ಗೋಡೆಗೆ ಬೋರಲು ಹಾಕಿದರು. "ಮುಂದಿನ್ ವರ್ಸ ಬರೋದಾದ್ರೆ ಜಾತ್ರೆ ಕಳೀಲಿ ಮೇಷ್ಟ್ರೇ. ಜಾತ್ರೇಲಿ ನಮಗೇ ಇದು ಸಾಲಲ್ಲ."