ಹಳೇ ಬೀರುವಿಗೆ ಹೊಸ ಬಣ್ಣ ಹಚ್ಚುವ ಮೊದಲು

ಹಳೆಯ ಮರದ ಬೀರು, ಮಂಚ, ಕುರ್ಚಿಗಳನ್ನು ಸರಿಪಡಿಸುವ ಕೆಲಸದಲ್ಲಿ ಮೊದಲ ಪ್ರಶ್ನೆ ಯಾವ ಬಣ್ಣ ಹಚ್ಚಬೇಕು ಎಂಬುದಲ್ಲ, ಮರದ ಮೇಲೆ ಈಗಾಗಲೇ ಏನಿದೆ ಎಂಬುದು. ಇದನ್ನು ತಿಳಿಯದೆ ನೇರವಾಗಿ ಸ್ಯಾಂಡ್ ಪೇಪರ್ ಕೈಗೆತ್ತಿಕೊಂಡವರು ಚೆನ್ನಾಗಿದ್ದ ಮೇಲ್ಮೈಯನ್ನೇ ಕೆರೆದು ಹಾಕುವುದುಂಟು. ಹಳೇ ಸಾಮಾನು ಹಾಳಾಗುವುದು ವಯಸ್ಸಿನಿಂದ ಎಷ್ಟೋ, ಅವಸರದ ದುರಸ್ತಿಯಿಂದಲೂ ಅಷ್ಟೇ.

ಪರೀಕ್ಷೆ ಸುಲಭ. ಕಾಲಿನ ಒಳಮೈ, ಬೀರುವಿನ ಹಿಂಬದಿಯಂಥ ಕಣ್ಣಿಗೆ ಬೀಳದ ಜಾಗದಲ್ಲಿ ಪಾಲಿಷ್ ಕೆಲಸಕ್ಕೆ ಬಳಸುವ ಸ್ಪಿರಿಟ್ ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಮೇಲ್ಮೈ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಬಂದರೆ ಅದು ಅರಗಿನ ಪಾಲಿಷ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಕರಗದಿದ್ದರೆ ವಾರ್ನಿಷ್, ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಇರಬಹುದು. ಹಳೇ ಮನೆಗಳ ತೇಗ, ಬೀಟೆಯ ಸಾಮಾನುಗಳಲ್ಲಿ ಅರಗೇ ಹೆಚ್ಚು. ಮರದ ಕೊಂಬೆಗಳ ಮೇಲೆ ಬದುಕುವ ಅರಗಿನ ಹುಳು ಸ್ರವಿಸುವ ಅಂಟನ್ನು ಶುದ್ಧಿ ಮಾಡಿ, ಸ್ಪಿರಿಟ್‌ನಲ್ಲಿ ಕರಗಿಸಿ ಈ ಪಾಲಿಷ್ ತಯಾರಿಸುತ್ತಾರೆ. ಚನ್ನಪಟ್ಟಣದ ಗೊಂಬೆಗಳ ಹೊಳಪಿಗೂ ಅರಗೇ ಮೂಲ. ಆದರೆ ಅಲ್ಲಿ ಚರಕಿಯಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ, ಉಜ್ಜಾಟದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ.

ಅರಗಿನ ಪಾಲಿಷ್‌ಗೆ ಒಂದು ದೊಡ್ಡ ಅನುಕೂಲವಿದೆ. ಹೊಸ ಪದರ ಹಳೆಯದನ್ನು ಸ್ವಲ್ಪ ಕರಗಿಸಿ ಅದರೊಂದಿಗೇ ಬೆರೆಯುವುದರಿಂದ, ಹಳೆಯದನ್ನು ಪೂರ್ತಿ ತೆಗೆಯಬೇಕಿಲ್ಲ. ದಶಕಗಳ ಎಣ್ಣೆ, ಮಸಿ, ಕೈಜಿಡ್ಡು ಕೂತು ಮರ ಕಪ್ಪಾಗಿದ್ದರೆ, ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಾಗ ಕೊಳೆ ಬಿಡುತ್ತದೆ, ಅರಗಿಗೆ ಏನೂ ಆಗುವುದಿಲ್ಲ. ಕೆಡವಬೇಕು ಅಂದುಕೊಂಡಿದ್ದ ಪಾಲಿಷ್ ಇಷ್ಟರಲ್ಲೇ ಮರಳಿ ಬರುವುದು ಅಪರೂಪವಲ್ಲ. ಬಿಸಿ ಲೋಟ ಇಟ್ಟ ಬಿಳಿ ಉಂಗುರಗಳೂ ಬಹುಮಟ್ಟಿಗೆ ಪಾಲಿಷ್ ಒಳಗೆ ಸಿಕ್ಕಿಕೊಂಡ ತೇವವೇ ಹೊರತು ಮರದ ಕಲೆಯಲ್ಲ. ಕಪ್ಪು ಕಲೆಯಾದರೆ ನೀರು ಮರಕ್ಕೇ ಇಳಿದಿದೆ ಎಂದರ್ಥ.

ಬಣ್ಣ ಹಚ್ಚಲೇಬಾರದ ಸಾಮಾನುಗಳೂ ಇವೆ. ಬೀಟೆಯಲ್ಲಿ ಬೇರೆ ಬಣ್ಣದ ಮರದ ತುಣುಕುಗಳನ್ನು ಕೂರಿಸಿದ ಮೈಸೂರಿನ ಕೆತ್ತನೆ ಕೆಲಸಕ್ಕೆ ಸ್ಯಾಂಡ್ ಪೇಪರ್ ತಾಗಿಸಿದರೆ ಕುಸುರಿಯೇ ಸವೆದು ಹೋಗುತ್ತದೆ. ಧಾರವಾಡ ಸೀಮೆಯ ಕಲಘಟಗಿ ತೊಟ್ಟಿಲಿನ ಬೆಲೆ ಇರುವುದೇ ಅದರ ಚಿತ್ತಾರದಲ್ಲಿ. ಮಾಸಿದೆ ಎಂದು ಅದರ ಮೇಲೆ ಎನಾಮೆಲ್ ಬಳಿದರೆ ಉಳಿಯುವುದು ಬರೀ ತೊಟ್ಟಿಲು. ಒಳ್ಳೆಯ ಬೀಟೆ, ತೇಗಕ್ಕೂ ಗಾಢ ಬಣ್ಣ ಬಳಿಯುವುದು ವ್ಯರ್ಥ. ಬಣ್ಣಕ್ಕೆ ಹೇಳಿ ಮಾಡಿಸಿದ್ದು ಅಗ್ಗದ ಕಾಡುಮರದ ಸಾಮಾನು, ಒಂದು ಕಡೆ ಒಂದು ಮರ ಇನ್ನೊಂದು ಕಡೆ ಇನ್ನೊಂದು ಮರ ಸೇರಿಸಿದ ಕಪಾಟು, ತೇಪೆ ಬಿದ್ದು ಕುರೂಪವಾದದ್ದು.

ಏನನ್ನೇ ಹಚ್ಚುವುದಕ್ಕೂ ಮೊದಲು ಹುಳುವಿನ ಗೊಡವೆ ಮುಗಿಯಬೇಕು. ಗೆದ್ದಲು ಮಣ್ಣಿನ ಕೊಳವೆ ಕಟ್ಟಿಕೊಂಡು ಬರುವುದರಿಂದ ಗೊತ್ತಾಗಿಬಿಡುತ್ತದೆ. ಗೋಡೆಯ ಕಡೆಯಿಂದ ಬರುತ್ತಿದ್ದರೆ ಸಾಮಾನಿಗೆ ಮದ್ದು ಹಾಕಿ ಪ್ರಯೋಜನವಿಲ್ಲ, ಗೋಡೆಯನ್ನೇ ನೋಡಬೇಕು. ಕುಟ್ಟೆ ಹುಳು ಸದ್ದಿಲ್ಲದ್ದು. ಸೂಜಿಯಿಂದ ಚುಚ್ಚಿದಂಥ ಸಣ್ಣ ದುಂಡು ತೂತುಗಳು, ಕೆಳಗೆ ಹಿಟ್ಟಿನಂಥ ಪುಡಿ. ಪುಡಿಯನ್ನು ಗುಡಿಸಿ, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಟ್ಟರೆ ಹುಳು ಜೀವಂತವಾಗಿದೆಯೋ ಇಲ್ಲವೋ ತಿಳಿಯುತ್ತದೆ. ಈ ಹುಳುವಿಗೆ ಬೇಕಾದದ್ದು ಮರದ ಹೊರಭಾಗದ ಬಿಳಿ ಮರದಲ್ಲಿರುವ ಪಿಷ್ಟ. ಒಳಗಿನ ಕೆಚ್ಚು ಅದಕ್ಕೆ ರುಚಿಸದು. ಹಾಗಾಗಿ ಗಟ್ಟಿ ಕೆಚ್ಚಿನ ತೇಗದ ಬೀರುವಿನಲ್ಲೂ ಬಿಳಿ ಪಟ್ಟಿ ಇರುವ ಅಂಚು ಮಾತ್ರ ತಿಂದುಹೋಗಿರುವುದನ್ನು ಕಾಣಬಹುದು. ತೂತುಗಳಿಗೆ ಸಿರಿಂಜ್‌ನಿಂದ ಕೀಟನಾಶಕ ಬಿಟ್ಟು, ಒಣಗಿದ ಮೇಲೆ ಮುಚ್ಚಬೇಕು. ಬೆರಳಿನಿಂದ ಒತ್ತಿದರೆ ಕುಸಿಯುವಷ್ಟು ಟೊಳ್ಳಾದ ಭಾಗವನ್ನು ಕತ್ತರಿಸಿ ಬೇರೆ ಮರ ಕೂರಿಸದೆ ಗತಿಯಿಲ್ಲ.

ಮುಂದಿನದು ಕೀಲುಗಳು. ಹಳೇ ಕುರ್ಚಿ, ಮೇಜುಗಳಲ್ಲಿ ಒಂದು ತುಂಡಿನ ಕುಳಿಯೊಳಗೆ ಇನ್ನೊಂದರ ನಾಲಗೆಯನ್ನು ಕೂರಿಸಿ, ಅಡ್ಡಲಾಗಿ ಬಿದಿರಿನ ಗೂಟ ಬಡಿದಿರುತ್ತಾರೆ. ಅಲ್ಲಾಡುವ ಕುರ್ಚಿಗೆ ಮೊಳೆ ಹೊಡೆಯುವುದು ಮನೆಮನೆಯ ವಾಡಿಕೆ, ಮತ್ತು ಬಹುತೇಕ ಎಲ್ಲ ದುರಸ್ತಿಗಳಿಗೂ ಶತ್ರು. ಮೊಳೆ ಮರವನ್ನು ಸೀಳುತ್ತದೆ, ತುಕ್ಕು ಹಿಡಿದು ಕಪ್ಪು ಕಲೆ ಬಿಡುತ್ತದೆ, ಕೀಲಂತೂ ಸಡಿಲವಾಗಿಯೇ ಉಳಿಯುತ್ತದೆ. ಗೂಟವನ್ನು ತೆಗೆದು, ಮರದ ಸುತ್ತಿಗೆಯಿಂದ ನಿಧಾನವಾಗಿ ಕೀಲು ಬಿಡಿಸಿ, ಹಳೇ ಅಂಟನ್ನು ಕೆರೆದು ತೆಗೆಯುವುದು ಸರಿಯಾದ ದಾರಿ. ಹಿಂದೆ ಬಳಸುತ್ತಿದ್ದದ್ದು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಸರೇಸು. ಅದು ಬಿಸಿನೀರಿಗೆ ಕರಗುತ್ತದೆ. ಅದರ ಮೇಲೇ ಫೆವಿಕಾಲ್ ಸುರಿದರೆ ಹಿಡಿಯುವುದಿಲ್ಲ. ನಾಲಗೆ ಸವೆದು ಸಣ್ಣದಾಗಿದ್ದರೆ ತೆಳು ಮರದ ಪಟ್ಟಿ ಅಂಟಿಸಿ ದಪ್ಪ ಮಾಡಿ, ಮತ್ತೆ ಜೋಡಿಸಿ, ಇಡೀ ದಿನ ಬಿಗಿಯಾಗಿ ಕಟ್ಟಿಡಬೇಕು. ತೇಗದಲ್ಲಿ ಸ್ವಾಭಾವಿಕ ಎಣ್ಣೆ ಇರುವುದರಿಂದ ಅಂಟು ಹಚ್ಚುವ ಮುಂಚೆ ಥಿನ್ನರ್‌ನಿಂದ ಒರೆಸುವುದು ಒಳ್ಳೆಯದು.

ಆರಾಮ ಕುರ್ಚಿಯ ಬೆತ್ತದ ಹೆಣಿಗೆ ಜೋಲುಬಿದ್ದಿದ್ದರೆ ತಕ್ಷಣ ಬಿಚ್ಚಬೇಕಿಲ್ಲ. ಕುರ್ಚಿಯನ್ನು ಮಗುಚಿ, ಹೆಣಿಗೆಯ ಕೆಳಮೈಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಸಿ ನೆನೆಸಿ, ನೆರಳಲ್ಲಿ ಒಣಗಿಸಿದರೆ ಬೆತ್ತ ಬಿಗಿಯುತ್ತಾ ಬರುತ್ತದೆ. ಎಳೆಗಳು ತುಂಡಾಗಿದ್ದರೆ ಮಾತ್ರ ಹೊಸ ಹೆಣಿಗೆ.

ಹಳೇ ಬಣ್ಣವನ್ನು ತೆಗೆಯಲೇಬೇಕಾದಾಗ ಎಚ್ಚರ ಅಗತ್ಯ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷ ಭಾಗದಲ್ಲಿ 90 ಭಾಗಕ್ಕೆ ಮಿತಗೊಳಿಸುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕೂ ಹಿಂದಿನ ಎನಾಮೆಲ್ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಧಾರಾಳವಾಗಿ ಇರಬಹುದು. ಒಣ ಬಣ್ಣವನ್ನು ಉಜ್ಜಿದರೆ ಧೂಳಿನ ಮೂಲಕ, ಬೆಂಕಿಯಿಂದ ಸುಟ್ಟರೆ ಹೊಗೆಯ ಮೂಲಕ ಅದು ಒಳಸೇರುತ್ತದೆ. ಮಕ್ಕಳಿಗಂತೂ ಅಪಾಯ ಹೆಚ್ಚು. ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಗುಳ್ಳೆ ಎದ್ದ ಮೇಲೆ ಮೊಂಡು ಪಟ್ಟಿಯಿಂದ ಕೆರೆಯುವುದೇ ವಾಸಿ. ಕೆಲಸ ಗಾಳಿಯಾಡುವ ಜಾಗದಲ್ಲಿ, ಕೈಗವಸು, ಮುಖಕವಚ ಹಾಕಿಕೊಂಡು ನಡೆಯಬೇಕು. ಕೆರೆದ ಚೂರುಗಳನ್ನು ತೋಟದ ಮಣ್ಣಿಗೆ ಸೇರಿಸಬಾರದು. ಕಾಸ್ಟಿಕ್ ಸೋಡಾದಲ್ಲಿ ತೊಳೆಯುವ ಪದ್ಧತಿಯೂ ಇದೆ. ಅಗ್ಗವೇನೋ ಹೌದು, ಆದರೆ ಮರ ಕಪ್ಪಾಗುತ್ತದೆ, ಕೀಲಿನ ಅಂಟು ಬಿಡುತ್ತದೆ.

ಸ್ಯಾಂಡ್ ಪೇಪರ್‌ನ ಸರದಿ ಇದಾದ ಮೇಲೆ. ಒರಟು 80ರಿಂದ ಶುರುಮಾಡಿದರೆ 120, 180, 220 ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ನಡುವೆ ಹಾರಿದರೆ ಒರಟು ಕಾಗದದ ಗೀರುಗಳು ಪಾಲಿಷ್ ಬಿದ್ದ ಕೂಡಲೇ ಎದ್ದು ಕಾಣುತ್ತವೆ. ಉಜ್ಜುವುದು ಯಾವಾಗಲೂ ಮರದ ಎಳೆಯ ದಿಕ್ಕಿಗೆ. ತೆಳು ಹಾಳೆ ಅಂಟಿಸಿದ ಪ್ಲೈವುಡ್ ಸಾಮಾನಾದರೆ ಯಂತ್ರವನ್ನು ದೂರ ಇಡಬೇಕು, ಹಾಳೆ ಕ್ಷಣದಲ್ಲಿ ತೂತಾಗುತ್ತದೆ.

ಅರಗಿನ ಪಾಲಿಷ್‌ಗೆ ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 200 ಗ್ರಾಂ ಅರಗಿನ ಚಕ್ಕೆ ಹಾಕಿ, ರಾತ್ರಿಯಿಡೀ ಬಿಟ್ಟು ಸೋಸಿಕೊಳ್ಳಬೇಕು. ಹತ್ತಿಯ ಉಂಡೆಯನ್ನು ಹಳೇ ಪಂಚೆಯ ಮೆತ್ತನೆ ತುಂಡಿನಲ್ಲಿ ಸುತ್ತಿ, ಉಂಡೆಗೆ ಪಾಲಿಷ್ ಕುಡಿಸಿ, ಸಣ್ಣ ಸುತ್ತುಗಳಲ್ಲಿ ಕೈ ನಿಲ್ಲಿಸದೆ ಆಡಿಸಬೇಕು. ನಿಂತ ಕಡೆ ಬಟ್ಟೆ ಅಂಟಿ ಗಾಯವಾಗುತ್ತದೆ. ಕೈ ಜಾರಲು ಒಂದು ಹನಿ ಅಗಸೆ ಎಣ್ಣೆ ಸಾಕು. ಪದರ ಒಂದೊಂದೂ ಕೂದಲೆಳೆಯಷ್ಟು ತೆಳುವಾದ್ದರಿಂದ ಹತ್ತಾರು ಬಾರಿ ಬೇಕಾಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯಲ್ಲಿ, ಗಾಳಿಯ ತೇವ ಸೇರಿ ಪಾಲಿಷ್ ಬೆಳ್ಳಗೆ ಮಸುಕಾಗುತ್ತದೆ. ಬೇಸಿಗೆಗೆ ಮುಂದೂಡುವುದೇ ಜಾಣತನ. ಕೆಲಸ ಮುಗಿದ ಮೇಲೆ ಅಗಸೆ ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆಯಬಾರದು. ಎಣ್ಣೆ ಒಣಗುವಾಗ ಹುಟ್ಟುವ ಬಿಸಿಗೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಹರಡಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ಬಣ್ಣದ ಕ್ರಮ ಬೇರೆ. ಮೊದಲು ವುಡ್ ಪ್ರೈಮರ್, ಅದರ ಮೇಲೆ ಸೀಳು, ತೂತುಗಳಿಗೆ ಪುಟ್ಟಿ, ಉಜ್ಜಿ ಮತ್ತೆ ಪ್ರೈಮರ್, ಆಮೇಲೆ ಎರಡು ತೆಳು ಕೋಟ್ ಎನಾಮೆಲ್. ತೇಗ, ಬೀಟೆ, ಹೊನ್ನೆಯಂಥ ಮರದ ಮೇಲೆ ಬಿಳಿ ಅಥವಾ ತಿಳಿ ಬಣ್ಣ ಬಳಿದರೆ ಕೆಲವೇ ದಿನಗಳಲ್ಲಿ ಹಳದಿ, ಕೆಂಪು ಕಲೆಗಳು ಮೇಲೇಳುವುದುಂಟು, ಮರದ ರಂಗು ಬಣ್ಣದೊಳಕ್ಕೆ ಇಳಿಯುವುದೇ ಕಾರಣ. ಅಡಿಯಲ್ಲಿ ಒಂದು ಕೋಟ್ ಅರಗು ಹಚ್ಚಿದರೆ ಅದು ತಡೆಯುತ್ತದೆ. ಹಳೇ ನುಣುಪು ಪಾಲಿಷ್ ಮೇಲೇ ಬಣ್ಣ ಹಚ್ಚುವುದಾದರೆ ಹೊಳಪು ಹೋಗುವಷ್ಟು ಉಜ್ಜಲೇಬೇಕು, ಇಲ್ಲದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಎನಾಮೆಲ್ ಒಂದೇ ದಿನದಲ್ಲಿ ಕೈಗೆ ಅಂಟದಂತಾದರೂ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅಲ್ಲಿಯವರೆಗೆ ಮೇಲೆ ಪಾತ್ರೆ, ಪುಸ್ತಕ ಪೇರಿಸಬಾರದು.

ಹಿತ್ತಾಳೆಯ ಬಿಜಾಗರಿ, ಹಿಡಿಕೆಗಳನ್ನು ಕೆಲಸಕ್ಕೆ ಮುಂಚೆಯೇ ಬಿಚ್ಚಿ, ಯಾವುದು ಎಲ್ಲಿಯದೆಂದು ಗುರುತು ಮಾಡಿಟ್ಟಿದ್ದರೆ ಮರಳಿ ಕೂರಿಸುವುದು ಸಲೀಸು. ಹಿತ್ತಾಳೆ ಸ್ಕ್ರೂ ಮೆದು. ಗಟ್ಟಿ ಮರಕ್ಕೆ ನೇರವಾಗಿ ತಿರುಗಿಸಿದರೆ ತಲೆ ಮುರಿಯುತ್ತದೆ. ಅದೇ ಅಳತೆಯ ಕಬ್ಬಿಣದ ಸ್ಕ್ರೂ ಒಮ್ಮೆ ಹಾಕಿ ತೆಗೆದು ದಾರಿ ಮಾಡಿಕೊಂಡ ಮೇಲೆ ಹಿತ್ತಾಳೆಯದನ್ನು ಹಾಕುವುದು ಬಡಗಿಗಳ ಕ್ರಮ. ಡ್ರಾಯರ್ ಹಿಡಿದುಕೊಳ್ಳುತ್ತಿದ್ದರೆ ತಕ್ಷಣ ಕೀಸುವುದು ಬೇಡ. ಮಳೆಗಾಲದಲ್ಲಿ ಉಬ್ಬಿದ ಮರ ಬೇಸಿಗೆಗೆ ತಾನೇ ಇಳಿಯುತ್ತದೆ. ಅಲ್ಲಿಯತನಕ ಅಂಚಿಗೆ ಮೇಣದಬತ್ತಿ ಉಜ್ಜಿದರೆ ಸಾಕು.