ನಿಂತು ನೋಡಬೇಕಾದ ನಿಲ್ದಾಣ

ರೈಲ್ವೆ ನಿಲ್ದಾಣಕ್ಕೆ ಹೋಗುವವರೆಲ್ಲರೂ ವಾಸ್ತವವಾಗಿ ಬೇರೆಲ್ಲಿಗೋ ಹೋಗುವವರು. ಹೊರಡುವವರ ಕಣ್ಣು ಗಡಿಯಾರದ ಮೇಲಿರುತ್ತದೆ. ಬಂದಿಳಿದವರ ಕಣ್ಣು ಹೊರಬಾಗಿಲಿನ ಮೇಲಿರುತ್ತದೆ. ಗೋಡೆ, ಕಂಬ, ಚಾವಣಿಗಳನ್ನು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ದೇವಾಲಯ, ಅರಮನೆ, ಕೋಟೆಗಳನ್ನಾದರೆ ನೋಡಲೆಂದೇ ಜನರು ದೂರದೂರದಿಂದ ಬರುತ್ತಾರೆ. ಅಲ್ಲಿ ಪ್ರತಿಯೊಂದನ್ನೂ ವಿವರಿಸಿ ಹೇಳುವ ಮಾರ್ಗದರ್ಶಕರಿರುವುದು ಸಹಜ. ಆದರೆ ರೈಲು ಹತ್ತುವ ಉದ್ದೇಶವಿಲ್ಲದೆ, ನಿಲ್ದಾಣವನ್ನು ನೋಡಲೆಂದೇ ಹೋಗುವವರುಂಟೆ?

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಅಂಥವರುಂಟು. ಅಲ್ಲಿನ ಗ್ರ್ಯಾಂಡ್ ಸೆಂಟ್ರಲ್ ಟರ್ಮಿನಲ್ ಎಂಬ ನಿಲ್ದಾಣದ ವಿಶಾಲವಾದ ಅಂಗಣದಲ್ಲಿ ಜನಪ್ರವಾಹದ ನಡುವೆ ಒಂದು ಸಣ್ಣ ಗುಂಪು ಕತ್ತೆತ್ತಿ ಚಾವಣಿಯನ್ನು ನೋಡುತ್ತ ನಿಂತಿರುವುದನ್ನು ಕಾಣಬಹುದು. ಗುಂಪಿನ ಮುಂದೆ ಮಾರ್ಗದರ್ಶಕರೊಬ್ಬರು ನಿಂತು ವಿವರಿಸುತ್ತಿರುತ್ತಾರೆ. 1893ರಲ್ಲಿ ಸ್ಥಾಪಿತವಾದ ಮುನಿಸಿಪಲ್ ಆರ್ಟ್ ಸೊಸೈಟಿ ಎಂಬ ಸಂಸ್ಥೆಯು ಇಂತಹ ಸಂದರ್ಶನಗಳನ್ನು ಬಹುಕಾಲದಿಂದ ನಡೆಸುತ್ತ ಬಂದಿದೆ. ಇಪ್ಪತ್ತೊಂದನೆಯ ಶತಮಾನದಲ್ಲಿ ಧ್ವನಿಮುದ್ರಿತ ವಿವರಣೆಯ ಏರ್ಪಾಟೂ ಬಂದಿತು. ಗುಂಪಿನೊಡನೆ ನಡೆಯಲು ಇಷ್ಟವಿಲ್ಲದವರು ಕಿವಿಗೆ ಹೆಡ್‌ಫೋನು ಧರಿಸಿ, ತಮಗೆ ತಿಳಿಯುವ ಭಾಷೆಯಲ್ಲಿ ವಿವರಣೆಯನ್ನು ಕೇಳುತ್ತ ಒಬ್ಬರೇ ಸುತ್ತಾಡಬಹುದು. ಬೇಕಾದಲ್ಲಿ ನಿಲ್ಲಬಹುದು, ಕೇಳಿದ್ದನ್ನೇ ಮತ್ತೊಮ್ಮೆ ಕೇಳಬಹುದು. ಧ್ವನಿಮುದ್ರಿಕೆಗೆ ದಣಿವಿಲ್ಲ, ಆದರೆ ಅದನ್ನು ಪ್ರಶ್ನಿಸುವಂತಿಲ್ಲ. ನಿಲ್ದಾಣವನ್ನು ಪ್ರೀತಿಸುವ ಮನುಷ್ಯನೊಬ್ಬನ ಬಾಯಿಂದ ಅದರ ಕಥೆಯನ್ನು ಕೇಳುವ ಸೊಗಸೇ ಬೇರೆ.

ಈ ಕಥೆ ಆರಂಭವಾಗುವುದು ಒಂದು ದುರಂತದಿಂದ. ಹಿಂದೆ ಅದೇ ಸ್ಥಳದಲ್ಲಿ 1871ರಲ್ಲಿ ಕಟ್ಟಿದ ನಿಲ್ದಾಣವೊಂದಿತ್ತು. ಉಗಿಯಂತ್ರಗಳು ಎಳೆಯುವ ಗಾಡಿಗಳು ಪಾರ್ಕ್ ಅವೆನ್ಯೂ ಎಂಬ ಬೀದಿಯ ಕೆಳಗಿನ ಸುರಂಗದ ಮೂಲಕ ಅಲ್ಲಿಗೆ ಬರುತ್ತಿದ್ದವು. ಸುರಂಗದೊಳಗೆ ಹೊಗೆ ದಟ್ಟವಾಗಿ ತುಂಬಿರುತ್ತಿತ್ತು. 1902ರ ಜನವರಿ 8ರ ಬೆಳಗ್ಗೆ ಆ ಹೊಗೆಯಲ್ಲಿ ಅಪಾಯದ ಸಂಕೇತಗಳನ್ನು ದಾಟಿ ಮುನ್ನುಗ್ಗಿದ ರೈಲೊಂದು, ಮುಂದೆ ನಿಂತಿದ್ದ ಮತ್ತೊಂದು ರೈಲಿನ ಹಿಂಭಾಗಕ್ಕೆ ಅಪ್ಪಳಿಸಿತು. 15 ಮಂದಿ ಸ್ಥಳದಲ್ಲಿಯೇ ಮೃತರಾದರು. ನಗರದಲ್ಲಿ ಆಕ್ರೋಶ ಉಕ್ಕಿತು. 1908ರ ನಂತರ ಮ್ಯಾನ್‌ಹ್ಯಾಟನ್ ದ್ವೀಪದೊಳಕ್ಕೆ ಉಗಿಯಂತ್ರಗಳು ಬರಕೂಡದೆಂದು ರಾಜ್ಯವು ಶಾಸನವನ್ನೇ ಮಾಡಿತು.

ರೈಲ್ವೆ ಕಂಪನಿಯ ಮುಖ್ಯ ಎಂಜಿನಿಯರಾಗಿದ್ದ ವಿಲಿಯಂ ವಿಲ್ಗಸ್ ಎಂಬಾತನು ಈ ಸಂಕಟದಲ್ಲಿಯೇ ಒಂದು ಅವಕಾಶವನ್ನು ಕಂಡನು. ವಿದ್ಯುತ್ತಿನಿಂದ ಓಡುವ ಗಾಡಿಗೆ ಹೊಗೆಯಿಲ್ಲ. ಹೊಗೆಯಿಲ್ಲದ ಮೇಲೆ ಹಳಿಗಳು ಬಯಲಿನಲ್ಲಿಯೇ ಇರಬೇಕೆಂಬ ನಿಯಮವೇನು? ಅವುಗಳನ್ನು ನೆಲದೊಳಗೆ, ಒಂದರ ಕೆಳಗೊಂದರಂತೆ ಎರಡು ಅಂತಸ್ತುಗಳಲ್ಲಿ ಹಾಸಬಹುದು. ಮೇಲೆ ತೆರವಾಗುವ ಜಾಗದಲ್ಲಿ ಕಟ್ಟಡಗಳನ್ನು ಕಟ್ಟುವ ಹಕ್ಕನ್ನು ಇತರರಿಗೆ ಕೊಟ್ಟರೆ ಹೊಸ ನಿಲ್ದಾಣದ ವೆಚ್ಚಕ್ಕೆ ಹಣವೂ ಒದಗುತ್ತದೆ. ಅಂದರೆ, ನೆಲವನ್ನು ತನ್ನಲ್ಲಿಯೇ ಉಳಿಸಿಕೊಂಡು ಅದರ ಮೇಲಣ ಆಕಾಶವನ್ನು ಮಾರುವ ಯೋಜನೆಯದು! ಈ ‘ಆಕಾಶದ ಹಕ್ಕು’ ಮುಂದೆ ಅದೇ ನಿಲ್ದಾಣಕ್ಕೆ ಕಂಟಕವಾದೀತೆಂದು ಆಗ ಯಾರು ಎಣಿಸಿದ್ದರು? 1903ರಲ್ಲಿ ಆರಂಭವಾದ ಕೆಲಸ ಹತ್ತು ವರ್ಷ ನಡೆಯಿತು. ಆ ಅವಧಿಯುದ್ದಕ್ಕೂ ಹಳೆಯ ನಿಲ್ದಾಣವನ್ನು ಸ್ವಲ್ಪಸ್ವಲ್ಪವಾಗಿ ಕೆಡವುತ್ತ, ರೈಲುಗಳ ಓಡಾಟವನ್ನು ನಿಲ್ಲಿಸದೆಯೇ ಹೊಸದನ್ನು ಕಟ್ಟಲಾಯಿತು. 1913ರ ಫೆಬ್ರವರಿ 2ರಂದು ಗ್ರ್ಯಾಂಡ್ ಸೆಂಟ್ರಲ್ ಬಾಗಿಲು ತೆರೆಯಿತು.

ಸಂದರ್ಶಕರನ್ನು ಮೊದಲು ನಿಲ್ಲಿಸುವುದು ಮುಖ್ಯ ಅಂಗಣದಲ್ಲಿ. ಅದರ ಉದ್ದ 275 ಅಡಿ, ಅಗಲ 120 ಅಡಿ, ಎತ್ತರ 125 ಅಡಿ. ಚಾವಣಿಯ ತುಂಬ ಹಸಿರು ಬೆರೆತ ನೀಲಿಯ ಆಕಾಶ. ಅದರಲ್ಲಿ ಚಿನ್ನದ ಬಣ್ಣದಿಂದ ಬರೆದ ರಾಶಿಚಕ್ರದ ಆಕೃತಿಗಳು. ಸುಮಾರು 2,500 ನಕ್ಷತ್ರಗಳು. ಇಲ್ಲೊಂದು ತಮಾಷೆಯುಂಟು. ಈ ಆಕಾಶ ಬಹುಮಟ್ಟಿಗೆ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿದೆ. ಪೂರ್ವದಲ್ಲಿರಬೇಕಾದುದು ಪಶ್ಚಿಮದಲ್ಲಿದೆ. ನಿಲ್ದಾಣ ಆರಂಭವಾದ ವರ್ಷವೇ ಪ್ರಯಾಣಿಕನೊಬ್ಬನು ಇದನ್ನು ಗುರುತಿಸಿದನು. ಭೂಮಿಯಿಂದ ಮನುಷ್ಯನಿಗೆ ಕಾಣುವ ಆಕಾಶ ಇದಲ್ಲ, ಆಚೆಯಿಂದ ದೇವರಿಗೆ ಕಾಣುವ ಆಕಾಶ ಎಂಬ ಜಾಣ ಸಮಾಧಾನವೊಂದು ಆಮೇಲೆ ಹುಟ್ಟಿಕೊಂಡಿತು. ಸಾವಿರಾರು ಮಂದಿ ದಿನವೂ ಓಡಾಡುವಲ್ಲಿ ಕತ್ತೆತ್ತಿ ನೋಡಿದವನು ಒಬ್ಬನಾದರೂ ಇದ್ದನಲ್ಲ ಎಂಬುದೇ ಸಂತೋಷದ ವಿಷಯ.

ಮಾರ್ಗದರ್ಶಕರು ಮುಂದೆ ಸಂದರ್ಶಕರ ಗಮನವನ್ನು ಕಾಲಕೆಳಗಿನ ನೆಲದ ಕಡೆಗೆ ಸೆಳೆಯುತ್ತಾರೆ. ಈ ನಿಲ್ದಾಣದಲ್ಲಿ ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಹೋಗಲು ಅನೇಕ ಕಡೆಗಳಲ್ಲಿ ಮೆಟ್ಟಿಲುಗಳ ಬದಲು ಇಳಿಜಾರು ದಾರಿಗಳಿವೆ. ಭಾರವಾದ ಪೆಟ್ಟಿಗೆ ಹೊತ್ತವರು, ವೃದ್ಧರು, ಮಕ್ಕಳು ಎಡವದೆ ಸಾಗಲು ಇದರಿಂದ ಅನುಕೂಲ. ದಾರಿಯ ಇಳಿಜಾರೇ ಜನರನ್ನು ತಮಗರಿವಿಲ್ಲದಂತೆ ರೈಲಿನ ಕಡೆಗೆ ನಡೆಸಿಕೊಂಡು ಹೋಗುತ್ತದೆ. ಒಳ್ಳೆಯ ಶಿಲ್ಪಿಯ ಕೆಲಸ ಬಳಸುವವರ ಕಣ್ಣಿಗೆ ಬೀಳುವುದಿಲ್ಲ. ಯಾರಾದರೂ ಎತ್ತಿ ತೋರಿಸಬೇಕು.

ಕೆಳ ಅಂತಸ್ತಿಗೆ ಇಳಿಯುವಲ್ಲಿ ಹೆಂಚುಬಿಲ್ಲೆಗಳನ್ನು ಹೊದಿಸಿದ ತಗ್ಗಾದ ಕಮಾನು ಚಾವಣಿಯಿದೆ. ಒಂದು ಮೂಲೆಯಲ್ಲಿ ಗೋಡೆಗೆ ಮುಖಮಾಡಿ ನಿಂತು ಪಿಸುಗುಟ್ಟಿದರೆ, ಎದುರಿನ ಕರ್ಣಮೂಲೆಯಲ್ಲಿ ಗೋಡೆಗೆ ಕಿವಿಗೊಟ್ಟವರಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ನಡುವೆ ನಡೆದುಹೋಗುವವರಿಗೆ ಮಾತ್ರ ಏನೂ ಕೇಳಿಸದು. ವಿಜಯಪುರದ ಗೋಳಗುಮ್ಮಟವನ್ನು ನೋಡಿದವರಿಗೆ ಇದು ಹೊಸತೆನಿಸಲಾರದು. ಬಾಗಿದ ನುಣುಪಾದ ಮೇಲ್ಮೈಯನ್ನು ಅನುಸರಿಸಿ ಧ್ವನಿ ಚದುರದೆ ಸಾಗುವುದೇ ಎರಡು ಕಡೆಗಳಲ್ಲಿಯೂ ಕಾರಣ. ಸಂದರ್ಶನದಲ್ಲಿ ಮಕ್ಕಳು ಬಿಟ್ಟು ಬರಲೊಲ್ಲದ ಸ್ಥಳವಿದು.

ಇಂತಹ ಕಡೆಗಳಲ್ಲಿ ದಂತಕಥೆಗಳೂ ಬೆಳೆಯುತ್ತವೆ. ಅಂಗಣದ ನಡುವೆ ಮಾಹಿತಿ ಕೊಠಡಿಯ ನೆತ್ತಿಯಲ್ಲಿ ನಾಲ್ಕು ಮುಖಗಳ ಹಿತ್ತಾಳೆಯ ಗಡಿಯಾರವೊಂದಿದೆ. ಅದರ ಮುಖಗಳು ಅಮೂಲ್ಯವಾದ ಕ್ಷೀರಸ್ಫಟಿಕ ರತ್ನದಿಂದ ಮಾಡಿದವೆಂದೂ ಅದರ ಬೆಲೆ ಕೋಟಿಗಟ್ಟಲೆಯೆಂದೂ ಹೇಳುವವರಿದ್ದಾರೆ. ವಾಸ್ತವವಾಗಿ ಅದು ಹಾಲಿನ ಬಣ್ಣದ ಗಾಜು. ಕೇಳುಗರಿಗೆ ರುಚಿಸುವ ಕಥೆಯನ್ನು ಬಿಟ್ಟು ನಿಜವನ್ನು ಹೇಳುವುದು ಮಾರ್ಗದರ್ಶಕರಿಗೆ ಕಷ್ಟದ ಕೆಲಸವೇ ಸರಿ. ಆದರೆ ನಿಜವಾದ ಸಂಗತಿಗಳು ಇಲ್ಲಿ ದಂತಕಥೆಗಿಂತ ಸ್ವಾರಸ್ಯವಾಗಿವೆ. ಹೊರಡುವ ರೈಲುಗಳು ಪ್ರಕಟಿತ ವೇಳೆಗಿಂತ ಒಂದು ನಿಮಿಷ ತಡವಾಗಿ ಹೊರಡುವುದು ಅಲ್ಲಿನ ವಾಡಿಕೆ. ಓಡಿಬರುವವರಿಗೆ ತೋರುವ ದಯೆಯದು.

ಇಷ್ಟೆಲ್ಲವೂ ಇಂದು ಇಲ್ಲವಾಗಿರಬಹುದಾಗಿತ್ತು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಜನರು ಮೋಟಾರುಗಳನ್ನೂ ವಿಮಾನಗಳನ್ನೂ ಅವಲಂಬಿಸತೊಡಗಿದರು. ರೈಲ್ವೆ ಕಂಪನಿಗಳಿಗೆ ನಷ್ಟವಾಗತೊಡಗಿತು. ಅದೇ ನಗರದ ಪೆನ್ಸಿಲ್ವೇನಿಯಾ ನಿಲ್ದಾಣವನ್ನು 1963ರಲ್ಲಿ ಕೆಡವತೊಡಗಿದರು. ಗ್ರ್ಯಾಂಡ್ ಸೆಂಟ್ರಲ್‌ಗೆ ಸಾಟಿಯಾದ ಭವ್ಯ ಕಟ್ಟಡವದು. ಅದು ನೆಲಸಮವಾದುದನ್ನು ಕಂಡು ಜನರು ಎಚ್ಚೆತ್ತರು. 1965ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗೆ ನಗರವು ಕಾನೂನನ್ನು ಮಾಡಿತು. 1967ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ರಕ್ಷಿತ ಕಟ್ಟಡವೆಂದು ಘೋಷಿತವಾಯಿತು.

ಮರುವರ್ಷವೇ ಪರೀಕ್ಷೆ ಒದಗಿತು. ನಿಲ್ದಾಣದ ಒಡೆಯರಾದ ಪೆನ್ ಸೆಂಟ್ರಲ್ ಕಂಪನಿಯು ಅದರ ನೆತ್ತಿಯ ಮೇಲೆ 55 ಅಂತಸ್ತುಗಳ ಗೋಪುರವನ್ನು ನಿಲ್ಲಿಸಲು ಯೋಜಿಸಿತು. ವಿಲ್ಗಸನು ಕಂಡ ಆಕಾಶದ ಹಕ್ಕು ಈಗ ನಿಲ್ದಾಣದ ತಲೆಯ ಮೇಲೆಯೇ ಬಂದು ಕುಳಿತುಕೊಳ್ಳುವುದರಲ್ಲಿತ್ತು. ನಗರವು ಅನುಮತಿಯನ್ನು ನಿರಾಕರಿಸಿತು. ಕಂಪನಿಯು ನ್ಯಾಯಾಲಯಕ್ಕೆ ಹೋಯಿತು. ತನ್ನ ಆಸ್ತಿಯನ್ನು ತನಗೆ ಬೇಕಾದಂತೆ ಬಳಸಲು ಬಿಡದಿರುವುದು, ಪರಿಹಾರ ಕೊಡದೆ ಅದನ್ನು ಕಸಿದುಕೊಂಡಂತೆ ಎಂಬುದು ಅದರ ವಾದ. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ನಷ್ಟದಲ್ಲಿರುವವನು ತನ್ನ ಸ್ವತ್ತಿನಿಂದ ಹಣ ಪಡೆಯಬಯಸುವುದು ತಪ್ಪೆ? 1975ರಲ್ಲಿ ಕೆಳಗಿನ ನ್ಯಾಯಾಲಯವು ಕಂಪನಿಯ ಪರವಾಗಿಯೇ ತೀರ್ಪಿತ್ತಿತು.

ಆಗ ಮುನಿಸಿಪಲ್ ಆರ್ಟ್ ಸೊಸೈಟಿಯ ನೆರವಿನಿಂದ ನಿಲ್ದಾಣದ ರಕ್ಷಣೆಗಾಗಿ ಒಂದು ಸಮಿತಿ ರೂಪುಗೊಂಡಿತು. ದಿವಂಗತ ಅಧ್ಯಕ್ಷ ಕೆನೆಡಿಯವರ ಪತ್ನಿಯಾಗಿದ್ದ ಜಾಕ್ವೆಲೀನ್ ಕೆನೆಡಿ ಒನಾಸಿಸ್ ಅವರು ಮುಂದೆ ಬಂದು ನಿಂತುದರಿಂದ ಇಡೀ ದೇಶದ ಗಮನ ಇತ್ತ ಹರಿಯಿತು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 1978ರ ಏಪ್ರಿಲ್‌ನಲ್ಲಿ ವಿಚಾರಣೆಯ ಮುನ್ನಾದಿನ ನಿಲ್ದಾಣದ ಅಭಿಮಾನಿಗಳು ನ್ಯೂಯಾರ್ಕಿನಿಂದ ರಾಜಧಾನಿ ವಾಷಿಂಗ್ಟನ್ನಿಗೆ ವಿಶೇಷ ರೈಲಿನಲ್ಲಿಯೇ ಪ್ರಯಾಣ ಮಾಡಿದರು. ಜೂನ್ 26ರಂದು ಆರು ಮಂದಿ ನ್ಯಾಯಮೂರ್ತಿಗಳು ನಗರದ ಪರವಾಗಿಯೂ ಮೂವರು ವಿರುದ್ಧವಾಗಿಯೂ ಅಭಿಪ್ರಾಯವಿತ್ತರು. ಕಂಪನಿಯು ನಿಲ್ದಾಣವನ್ನು ಮೊದಲಿನಂತೆ ನಡೆಸಿ ಆದಾಯ ಪಡೆಯಲು ಅಡ್ಡಿಯಿಲ್ಲ. ಮೇಲಣ ಆಕಾಶದ ಹಕ್ಕನ್ನು ನೆರೆಯ ನಿವೇಶನಗಳಿಗೆ ವರ್ಗಾಯಿಸಲೂ ಅವಕಾಶವಿದೆ. ಆದ್ದರಿಂದ ಆಸ್ತಿಯನ್ನು ಕಸಿದುಕೊಂಡಂತಾಗಲಿಲ್ಲ ಎಂಬುದು ತೀರ್ಪಿನ ಸಾರ. ಅಮೆರಿಕದ ಇತರ ನಗರಗಳ ಪುರಾತನ ಕಟ್ಟಡಗಳಿಗೂ ಈ ತೀರ್ಪೇ ಆಸರೆಯಾಯಿತು.

ಉಳಿದುಕೊಂಡರೂ ನಿಲ್ದಾಣ ಆಗ ಶಿಥಿಲವಾಗಿತ್ತು. ಚಾವಣಿ ಸೋರುತ್ತಿತ್ತು, ನಕ್ಷತ್ರಗಳು ಮಸಿಯಲ್ಲಿ ಮುಳುಗಿಹೋಗಿದ್ದವು. 1990ರ ದಶಕದಲ್ಲಿ ನಡೆದ ಜೀರ್ಣೋದ್ಧಾರ 1998ರ ಅಕ್ಟೋಬರ್ 1ರಂದು ಪೂರ್ಣಗೊಂಡಿತು. ಮೂಲ ನಕ್ಷೆಯಲ್ಲಿದ್ದರೂ ಕಟ್ಟದೆ ಬಿಟ್ಟಿದ್ದ ಪೂರ್ವದಿಕ್ಕಿನ ಮೆಟ್ಟಿಲುಸಾಲು 85 ವರ್ಷಗಳ ಅನಂತರ ಆಗ ಸಿದ್ಧವಾಯಿತು.

ಚಾವಣಿಯನ್ನು ಶುಚಿಗೊಳಿಸಿದವರು ಒಂದು ಚಿಕ್ಕ ಚೌಕವನ್ನು ಮಾತ್ರ ಒರೆಸದೆ ಹಾಗೆಯೇ ಬಿಟ್ಟಿದ್ದಾರೆ. ಕರ್ಕಾಟಕ ರಾಶಿಯ ಏಡಿಯ ಬಳಿ ಕಪ್ಪು ತೇಪೆಯಂತೆ ಅದು ಕಾಣುತ್ತದೆ. ಆ ಮಸಿ ಪ್ರಯಾಣಿಕರು ಸೇದಿದ ತಂಬಾಕಿನ ಹೊಗೆಯೆಂದು ಕೆಲವರು ಹೇಳಿದರೆ, ನಗರದ ವಾಹನ ಮತ್ತು ಕಾರ್ಖಾನೆಗಳ ಹೊಗೆಯೆಂದು ಇನ್ನು ಕೆಲವರು ವಾದಿಸುತ್ತಾರೆ. ಅಂಗಣದಲ್ಲಿ ನಿಂತ ಗುಂಪಿಗೆ ಮಾರ್ಗದರ್ಶಕರು ಅದನ್ನು ಬೆರಳಿಟ್ಟು ತೋರಿಸುತ್ತಾರೆ. ಆಗ ಪಕ್ಕದಲ್ಲಿ ಅವಸರದಿಂದ ಹೋಗುತ್ತಿರುವ ಪ್ರಯಾಣಿಕರಲ್ಲಿಯೂ ಒಬ್ಬಿಬ್ಬರು ತಡೆದು, ಇವರೇನು ನೋಡುತ್ತಿದ್ದಾರೆಂದು ಕತ್ತೆತ್ತುವುದುಂಟು.