ಪರವ್ಯವಸ್ಥೆಯಲ್ಲಿ ‘ನುಡಿ’: ಶಾಸನಪಾಠಗಳ ರಕ್ಷಣೆ

ಸವದತ್ತಿಯು ರಟ್ಟರ ರಾಜಧಾನಿಯಾಗಿದ್ದ ಸುಗಂಧವರ್ತಿ. ಅಲ್ಲಿಯ ಹಾಗೂ ತೊರಗಲ್ ಪರಿಸರದ ಶಾಸನಗಳ ಪಾಠಗಳನ್ನು ನಾವು ವಿಂಡೋಸ್ ಗಣಕದಲ್ಲಿ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶದ ಮೂಲಕ ಬೆರಳಚ್ಚಿಸಿ ಇಟ್ಟಿದ್ದೆವು. ಆ ಗಣಕವು ಕೆಟ್ಟು, ಲಿನಕ್ಸ್ ವ್ಯವಸ್ಥೆಯ ಬೇರೊಂದರಲ್ಲಿ ಕಡತಗಳನ್ನು ತೆರೆದಾಗ ಕಂಡುದು ಅರ್ಥಹೀನವಾದ ರೋಮನ್ ಅಕ್ಷರಗಳ ರಾಶಿ.

ಕಡತ ತೆರೆಯುವುದು, ಪರದೆಯಲ್ಲಿ ಅಕ್ಷರ ತೋರಿಸುವುದು ಮೊದಲಾದ ಕೆಲಸಗಳಿಗೆ ಪ್ರತಿಯೊಂದು ತಂತ್ರಾಂಶವೂ ತನ್ನ ಕಾರ್ಯಾಚರಣಾ ವ್ಯವಸ್ಥೆಯನ್ನು ಕರೆಯುತ್ತದೆ. ವಿಂಡೋಸಿನ ಕರೆಗಳು ಲಿನಕ್ಸಿಗೆ ತಿಳಿಯವು. 1993ರಲ್ಲಿ ಆರಂಭಗೊಂಡು 2008ರಲ್ಲಿ 1.0 ಆವೃತ್ತಿಯನ್ನು ಕಂಡ ‘ವೈನ್’, ನಡುವೆ ನಿಂತು ಅವನ್ನು ಲಿನಕ್ಸಿನ ಕರೆಗಳಾಗಿ ಮಾರ್ಪಡಿಸುತ್ತದೆ. ಅದು ವಿಂಡೋಸಿನ ಪ್ರತಿಕೃತಿಯಲ್ಲ, ದುಭಾಷಿ. ಎಲ್ಲ ಮಾತನ್ನೂ ಬಲ್ಲ ದುಭಾಷಿಯೂ ಅಲ್ಲ. ಕೆಲವು ತಂತ್ರಾಂಶಗಳು ಅದರಲ್ಲಿ ಸರಾಗವಾಗಿ ನಡೆಯುತ್ತವೆ, ಕೆಲವು ಮುಗ್ಗರಿಸುತ್ತವೆ.

ಆದರೆ ನಮ್ಮ ತೊಡಕಿನ ಮೂಲವು ಬೇರೆ. ಹಳೆಯ ನುಡಿ ಕಡತಗಳಲ್ಲಿ ಕನ್ನಡಾಕ್ಷರದ ತುಂಡುಗಳು ರೋಮನ್ ಅಕ್ಷರಗಳ ಸಂಕೇತಸಂಖ್ಯೆಗಳಲ್ಲಿ ಅಡಗಿವೆ. ನುಡಿಯ ಫಾಂಟಿದ್ದರಷ್ಟೇ ಅವು ಕನ್ನಡವಾಗಿ ಕಾಣುತ್ತವೆ. ಮೋಡಿಲಿಪಿಯ ದಫ್ತರಗಳನ್ನು ಬಿಚ್ಚಿದವರಿಗೆ ಈ ಅವಸ್ಥೆಯನ್ನು ವಿವರಿಸಬೇಕಾಗಿಲ್ಲ. ವೈನ್ ತಂತ್ರಾಂಶವನ್ನು ನಡೆಸಬಲ್ಲದು, ಕಡತದ ಸಂಕೇತವನ್ನು ಬದಲಿಸಲಾರದು. ಆದುದರಿಂದ ಪಾಠಗಳನ್ನು ಯುನಿಕೋಡಿಗೆ ಪರಿವರ್ತಿಸುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ. ಹಳಗನ್ನಡದ ಱ, ೞಗಳಿಗೆ ಅಲ್ಲಿ ಸ್ವತಂತ್ರ ಸ್ಥಾನವಿದೆ. ಆದರೂ ಇವು ಮತ್ತು ಅರ್ಕಾವತ್ತುಗಳು ಕೆಡದೆ ಬಂದಿವೆಯೇ ಎಂಬುದನ್ನು ಮುದ್ರಿತ ಪಾಠದೊಡನೆ ಸಾಲುಸಾಲಾಗಿ ತಾಳೆನೋಡಬೇಕು. ಒಂದು ಅಕ್ಷರ ತಪ್ಪಿದರೆ ಊರ ಹೆಸರೇ ಬೇರೆಯಾದೀತು. ಹಳೆಯ ಕಡತಗಳನ್ನೂ ನಾವು ಅಳಿಸಿಲ್ಲ.